ನಿಮ್ಮ ಐದು ನಕ್ಷತ್ರಗಳನ್ನು ವಾಪಸು ತೆಗೆದುಕೊಳ್ಳಿ

ಮಾನ್ಯ ಶೈಕ್ಷಣಿಕ ನಿರ್ದೇಶಕರೇ,

'ಬೋಧನೆಯಲ್ಲಿ ನ್ಯೂನತೆ ಕಂಡುಬಂದಿರುವುದರಿಂದ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು' ಎಂದು ನೋಟಿಸಿನಲ್ಲಿ ಕೇಳಿದ್ದೀರಿ. ಉತ್ತರವನ್ನು ನಿಮಗೆ ಮಾತ್ರ ಕಳಿಸಿದರೆ ಫೈಲಿನೊಳಗೆ ಸುಖವಾಗಿ ನಿದ್ದೆ ಮಾಡುತ್ತದೆ; ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಆ ನ್ಯೂನತೆಯನ್ನು ಕಂಡುಹಿಡಿದವರು ನೀವಲ್ಲ. ಹುಡುಕಿ ಹೇಳಿ ಎಂದು ಸಹೋದ್ಯೋಗಿಯೊಬ್ಬರನ್ನು ನಾನೇ ಕೇಳಿಕೊಂಡಿದ್ದೆ.

ಕುಲಶೇಖರದ ನಿಮ್ಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುವವಳು. ಗಣಿತದ ಚಕ್ರಪಾಣಿ ಮಾಸ್ಟ್ರು ಬಿಡುವಿದ್ದಾಗ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ನಾನು ಅವರ ತರಗತಿಯಲ್ಲಿ. ಆಮೇಲೆ ಚಹಾ ಕುಡಿಯುತ್ತಾ ಮುಲಾಜಿಲ್ಲದ ಮಾತು. "ನೀವು ಬೋರ್ಡಿನ ಹತ್ತಿರ ಮಾತಾಡ್ತೀರಿ ಟೀಚರ್, ಮಕ್ಕಳ ಹತ್ತಿರ ಅಲ್ಲ. ಹಿಂದೆ ಎಂತದೂ ಕೇಳುವುದಿಲ್ಲ" ಎಂದರು ಒಮ್ಮೆ. "ನೀವು ಪ್ರಶ್ನೆ ಕೇಳಿ ಉತ್ತರವನ್ನೂ ನೀವೇ ಹೇಳ್ತೀರಿ. ಮಕ್ಕಳಿಗೆ ಬಾಯಿ ಉಂಟಲ್ಲ ಮಾಸ್ಟ್ರೇ?" ಎಂದೆ ನಾನು. ಸ್ವಲ್ಪ ದಿನ ಮುಖ ಊದಿಸಿಕೊಂಡರು. ಆಮೇಲೆ ಪ್ರಶ್ನೆ ಕೇಳಿ, ಮಕ್ಕಳು ಬಾಯಿ ಬಿಡುವ ತನಕ ಸುಮ್ಮನೆ ನಿಲ್ಲಲು ಕಲಿತರು. ನಮ್ಮನ್ನು ನೋಡಿ ಹತ್ತನೆಯ ತರಗತಿಯವರೂ ತಾವು ಬರೆದ ಉತ್ತರಗಳನ್ನು ಒಬ್ಬರದ್ದನ್ನೊಬ್ಬರು ಓದತೊಡಗಿದರು. ದೀಕ್ಷಿತ್ ಎಂಬ ಹುಡುಗನ ಬರವಣಿಗೆ ನನ್ನ ಕೆಂಪು ಶಾಯಿಗೆ ಜಗ್ಗಿರಲಿಲ್ಲ. ಪಕ್ಕದ ಬೆಂಚಿನ ಪ್ರಾಪ್ತಿ "ಇಲ್ಲಿ ನನಗೆ ಅರ್ಥ ಆಗಲಿಲ್ಲ" ಎಂದದ್ದೇ ಸುಧಾರಿಸಿತು.

ಅಷ್ಟರಲ್ಲಿ ತಾವು ಪಂಪ್‌ವೆಲ್‌ನ ಕಚೇರಿಯಿಂದ ದಯಮಾಡಿಸಿದಿರಿ. ನೋಡಿ ಚಪ್ಪಾಳೆ ತಟ್ಟಿದಿರಿ. ಒಳ್ಳೆಯದೊಂದು ಕಣ್ಣಿಗೆ ಬಿದ್ದ ಮೇಲೆ ಅದನ್ನು ಅದರ ಪಾಡಿಗೆ ಬಿಡುವುದು ಅಧಿಕಾರಕ್ಕೆ ಶೋಭೆಯೇ? ಆ್ಯಪ್ ಬಂತು, ಐದು ನಕ್ಷತ್ರಗಳ ಅಂಕಪದ್ಧತಿ ಬಂತು, ಎಲ್ಲರೂ ಎಲ್ಲರಿಗೂ ನಕ್ಷತ್ರ ಕೊಡಬೇಕೆಂಬ ಸುತ್ತೋಲೆ ಬಂತು. ಮಾಸ್ಟ್ರು ಎಂದಿನಂತೆ ಇದ್ದದ್ದನ್ನು ಇದ್ದ ಹಾಗೆ ಬರೆದು ನನಗೆ ಮೂರು ಕೊಟ್ಟರು. ನೀವು ನನಗೆ ನೋಟಿಸ್ ಕೊಟ್ಟಿರಿ. ಕೆಮ್ಮು ಉಂಟೆಂದು ಡಾಕ್ಟರಿಗೆ ಹೇಳಿದವನನ್ನು ಪೊಲೀಸರಿಗೆ ಹಿಡಿದುಕೊಟ್ಟ ಹಾಗಾಯಿತು.

ಸುದ್ದಿ ಮಕ್ಕಳವರೆಗೂ ಹೋಯಿತು. ಮರುತಿಂಗಳು ನಮ್ಮ ಶಾಲೆಯ ಶಿಕ್ಷಕರೆಲ್ಲ ಐದು ನಕ್ಷತ್ರದವರಾದೆವು. ತಾವು ಅದನ್ನು 'ಗಣನೀಯ ಪ್ರಗತಿ' ಎಂದು ಸಭೆಯಲ್ಲಿ ಕೊಂಡಾಡಿದಿರಿ. ಇಷ್ಟು ಜನ ಒಟ್ಟಿಗೆ ಉದ್ಧಾರವಾದದ್ದು ಹೇಗೆಂದು ತಮಗೆ ಒಂದಿಷ್ಟೂ ಸಂಶಯ ಬರಲಿಲ್ಲವೇ?

ಕಳೆದ ವಾರ ನಿಮ್ನ ಮಸೂರದ ಪಾಠ. ಅದು ಬೆಳಕಿನ ಕಿರಣಗಳನ್ನು ದೂರ ಹರಡಿಸಬೇಕು. ನಾನು ಅವಸರದಲ್ಲಿ ಬೋರ್ಡಿನ ಚಿತ್ರದಲ್ಲಿ ಅವನ್ನೆಲ್ಲ ಒಂದೇ ಬಿಂದುವಿಗೆ ತಂದು ಸೇರಿಸಿದೆ. ಹಿಂದೆ ಭೌತಶಾಸ್ತ್ರವನ್ನೂ ಕಲಿಸಿದ ಮಾಸ್ಟ್ರು ಕೊನೆಯ ಬೆಂಚಿನಲ್ಲೇ ಇದ್ದರು. "ಭಾರೀ ಲಾಯ್ಕ ಆಯ್ತು ಟೀಚರ್" ಎಂದು ಐದು ನಕ್ಷತ್ರ ಒತ್ತಿದರು, ನನ್ನ ಮುಖ ನೋಡದೆ ಹೊರಟುಹೋದರು. ಮರುದಿನ ಪಠ್ಯಪುಸ್ತಕ ತೆರೆದಾಗ ತಪ್ಪು ಕಣ್ಣಿಗೆ ಬಿತ್ತು. ಯಾರಿಗೂ ಗೊತ್ತಾಗಲಿಲ್ಲವೇ ಎಂದು ಮಕ್ಕಳನ್ನು ಕೇಳಿದೆ. ಪ್ರಾಪ್ತಿ ಎದ್ದು ನಿಂತಳು.

"ನನಗೆ ಗೊತ್ತಾಗಿತ್ತು ಟೀಚರ್."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

"ಹಿಂದೆ ಮಾಸ್ಟ್ರು ಇದ್ರಲ್ಲ. ನಿಮಗೆ ಇನ್ನೊಂದು ನೋಟಿಸ್ ಬರ್ತದೆ ಅಂತ ಹೆದರಿಕೆ ಆಯ್ತು."

ನನಗೆ ಅಳು ಬಂತು. ನಿಮ್ಮ ಪದ್ಧತಿಯ ಮೇಲೆ ಹೇಸಿಗೆಯಾಯಿತು. ಗೊತ್ತಿದ್ದದ್ದನ್ನು ಹೇಳಬೇಕೆಂದು ಆ ಹುಡುಗಿಗೆ ವರ್ಷವಿಡೀ ಕಲಿಸಿದ್ದೆವು. ನೀವು ಅದನ್ನು ಒಂದು ಹಾಳೆಯಿಂದ ಮರೆಸಿಬಿಟ್ಟಿರಿ.

ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಧಾರಾಳವಾಗಿ ಕೈಗೊಳ್ಳಿ, ಅದಕ್ಕೆ ತಕರಾರಿಲ್ಲ. ಆದರೆ ನಕ್ಷತ್ರಗಳನ್ನು ತೆಗೆಯಿರಿ. ನಾವು ಒಬ್ಬರಿಗೊಬ್ಬರು ಹೇಳಿದ್ದು ನಿಮ್ಮ ಮೇಜಿಗೆ ಬರಕೂಡದು. ಹಾಗೆಂದು ಆದೇಶ ಹೊರಡಿಸಿ, ಅದನ್ನು ಹತ್ತನೆಯ ತರಗತಿಗೆ ಬಂದು ನೀವೇ ಓದಿ ಹೇಳಿ. ಪ್ರಾಪ್ತಿ ಮತ್ತೆ ಕೈಯೆತ್ತಿ "ಟೀಚರ್, ನೀವು ಬರೆದದ್ದು ತಪ್ಪು" ಎನ್ನಬೇಕು. ನನಗೆ ಬೇಕಾದದ್ದು ಅಷ್ಟೇ.

ಇಂತಿ,
ತಪ್ಪು ಚಿತ್ರ ಬಿಡಿಸಿ ಐದಕ್ಕೆ ಐದು ಪಡೆದ
ಕುಶಲಾ, ವಿಜ್ಞಾನ ಶಿಕ್ಷಕಿ