ಓಡುತ್ತಲೇ ಉತ್ತರಿಸಬೇಕಾದ ಪದವಿ

ಮೂರನೆಯ ಹುಬ್ಬಳ್ಳಿ,
ಫೆಬ್ರವರಿ ಮೂವತ್ತೊಂದು, ೨೩೧೪

ವ್ಯಾಯಾಮ ಶರೀರಶಾಸ್ತ್ರದ ಸ್ನಾತಕೋತ್ತರ ನಿಯಮಗಳನ್ನು ತಿದ್ದಲು ಇಂದು ಕುಳಿತಿರುವ ಸಮಿತಿಯ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನದಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅವು ಹುಟ್ಟಲು ನೀವೇ ಕಾರಣರಾದ್ದರಿಂದ ಇದಕ್ಕಿಂತ ಹೆಚ್ಚು ಕ್ಷಮೆ ಕೇಳಲಾರೆ.

ನಿಮ್ಮ ವಿದ್ಯಾರ್ಥಿಯೊಬ್ಬನಿಗೆ ಥೀಸಿಸ್ಸಿಗಾಗಿ ಓಡಲು ಜನ ಸಿಕ್ಕಿಲ್ಲ. "ನನ್ನ ಮೈನ ಅಳದು ಬರೀತೇನ್ರಿ ಸರ್" ಎಂದು ಅಂಗಲಾಚಿದ್ದಾನೆ. ನೀವು ಕರಗಿ ಒಂದು ಸಾಲು ಸೇರಿಸಲಿದ್ದೀರಿ: ಸ್ವಯಂಸೇವಕರು ಸಿಗದಿದ್ದಲ್ಲಿ ವಿದ್ಯಾರ್ಥಿಯು ತನ್ನ ದೇಹವನ್ನೇ ಅಧ್ಯಯನಕ್ಕೆ ಬಳಸಬಹುದು. ನಿಮ್ಮ ನಂತರ ಬಂದವರು, ಬೇರೆಯವರನ್ನು ಓಡಿಸಿ ತಾವು ಕುಳಿತು ಬರೆದವರನ್ನು ಸೋಮಾರಿಗಳೆಂದು ಹಂಗಿಸಿದರು. ಅವರ ನಂತರದವರು ನಿಮ್ಮ ರಿಯಾಯಿತಿಯನ್ನು ಕಡ್ಡಾಯ ಮಾಡಿದರು.

ಈಗ ನಮ್ಮಲ್ಲಿ 'ಉಸಿರುಮೌಖಿಕ' ನಡೆಯುತ್ತದೆ. ಥೀಸಿಸ್ ಬರೆದವರು ಟ್ರೆಡ್‌ಮಿಲ್ಲಿನ ಮೇಲೆ ಓಡುತ್ತಲೇ ಪರೀಕ್ಷಕರಿಗೆ ಉತ್ತರಿಸಬೇಕು. ವೇಗದ ಗುಂಡಿ ಮಾರ್ಗದರ್ಶಕರ ಕೈಯಲ್ಲಿರುತ್ತದೆ. ಊರವರು ಮೆಲ್ಲಲು ಗಿರಮಿಟ್ ಮಂಡಕ್ಕಿ ಕಟ್ಟಿಸಿಕೊಂಡು ಬಂದು ನೋಡುತ್ತಾರೆ. ಥೀಸಿಸ್ ಬೇಡವೆಂದವರಿಗೆ ಬರೀ ಲಿಖಿತ ಪರೀಕ್ಷೆಯ ದಾರಿಯೂ ಉಂಟು. ಅವರನ್ನು 'ಕೂತವರು' ಎನ್ನುತ್ತಾರೆ. ಕೂತವರಿಗೆ ಆಸ್ಪತ್ರೆಯಲ್ಲೂ ಶಾಲೆಯಲ್ಲೂ ಕೆಲಸವಿಲ್ಲ. ಮದುವೆಮನೆಯಲ್ಲಿ ಎಲ್ಲರಿಗಿಂತ ಮೊದಲು ಅವರಿಗೆ ಕುರ್ಚಿ ಹಾಕಿ ನಗುತ್ತಾರೆ.

ಹೋದ ವರ್ಷ ಸೋಮರಾಯ ಬಳಿಗಾರ ಎಂಬ ಹುಡುಗ ಓಡಿದ. ಅವನ ವಿಷಯ, ದಣಿದ ಹೃದಯದ ಚೇತರಿಕೆ. ನಡುವೆ ಉತ್ತರ ತಡವರಿಸಿತು. ಮಾರ್ಗದರ್ಶಕ ಕುಬಸದರು ಗುಂಡಿ ತಿರುವುತ್ತಾ, "ಯಾಕೋ ತಮ್ಮಾ, ಉಸಿರು ಸಾಲವಲ್ದೇನು? ನಿಮ್ಮವ್ವ ರೊಟ್ಟಿ ಹಾಕಿಲ್ಲೇನು?" ಎಂದರು. ಸಭೆ ಗೊಳ್ಳೆಂದಿತು. "ಸರ್, ಇನ್ನೊಂದೀಟು ಏರಸ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಏರಿಸಿದರು. ಹುಡುಗ ಅರ್ಧ ವಾಕ್ಯದಲ್ಲಿ ಬಿದ್ದವನು ಏಳಲಿಲ್ಲ. ಪರೀಕ್ಷಕರು ಒಳಗೆ ಹೋಗಿ ಚಹಾ ಕುಡಿದು ಬಂದು, ಚೇತರಿಕೆಯ ಅಧ್ಯಾಯ ಅಪೂರ್ಣವಾದ್ದರಿಂದ ಅಭ್ಯರ್ಥಿ ನಪಾಸು ಎಂದು ಘೋಷಿಸಿದರು. ಮರುನೋಂದಣಿಗೆ ಅವಕಾಶವಿದೆ ಎಂದು ಅವನ ತಾಯಿಗೆ ತಿಳಿಸಿದರು.

ಆ ಅಧ್ಯಾಯವನ್ನು ಮುಗಿಸಲು ನನ್ನ ತಂಗಿಯ ಮಗಳು ತುಂಗಾ ಹೆಸರು ಕೊಟ್ಟಿದ್ದಾಳೆ. ಸೋಮವಾರ ಅವಳ ಸರದಿ. ಅವಳ ಹೃದಯದ ಕವಾಟದಲ್ಲಿ ಹುಟ್ಟಿನಿಂದಲೇ ದೋಷವಿದೆ. ಕುಬಸದರಿಗೂ ಅದು ಗೊತ್ತು. ಇಂಥ ಅಪರೂಪದ ಹೃದಯ ಸಿಗುವುದಿಲ್ಲವೆಂದು ಹಿಗ್ಗಿದ್ದಾರೆ. ಕೂತವಳಾದರೂ ಆಗು, ಬದುಕಿರು ಎಂದು ಬೇಡಿಕೊಂಡೆ. "ನೀ ಸುಮ್ನಿರು ಮಾಮಾ, ಕೂತಾಕಿನ ಯಾರು ಕೇಳ್ತಾರ?" ಎಂದಳು. ನನ್ನ ತಂಗಿ ಆ ದಿನಕ್ಕೆಂದು ಹೊಸ ಸೀರೆ ತಂದಿಟ್ಟಿದ್ದಾಳೆ.

ನಾನು ಇಲ್ಲಿನವರಿಗೆಲ್ಲ ಬರೆದು ಸೋತು ನಿಮಗೆ ಬರೆಯುತ್ತಿದ್ದೇನೆ. ಆ ವಿದ್ಯಾರ್ಥಿ ನಿಮ್ಮ ಬಾಗಿಲಾಚೆ ನಿಂತಿದ್ದಾನೆ. ಒಳ್ಳೆಯವನು, ಕಣ್ಣು ತುಂಬಿಕೊಂಡಿದ್ದಾನೆ. ನೀವು ಒಪ್ಪದಿದ್ದರೆ ಅವನ ಎರಡು ವರ್ಷದ ಓದು ಮಣ್ಣುಪಾಲು, ಬಹುಶಃ ಬದುಕೂ ಕೆಡುತ್ತದೆ. ಕೆಡಲಿ. ಅವನ ಮುಖ ನೋಡಬೇಡಿ. ಆ ಸಾಲು ಬರೆಯದೆ ಅವನನ್ನು ನಪಾಸು ಮಾಡಿ ಮನೆಗೆ ಕಳಿಸಿ.

ಇಂತಿ,
ತುಂಗಾಳ ಸೋದರಮಾವ