ಓದದವರ ಹೊಗಳಿಕೆ

ಆಗಸ್ಟ್ ೧೨, ಮಂಗಳವಾರ. ಆಲಪ್ಪುಳ.

ನಾನೇ ಅಚ್ಚು ಹಾಕಿಸಿದ ಪುಸ್ತಕದ ಬಗ್ಗೆ ಆನ್‌ಲೈನ್ ಅಂಗಡಿಯಲ್ಲಿ ಯಾರೋ ಅಪರಿಚಿತರು ಬರೆದಿದ್ದಾರೆ: "ಹೊಗಳಿದ ಒಂಬತ್ತು ಜನರಲ್ಲಿ ಒಬ್ಬರಾದರೂ ಇದನ್ನು ಓದಿದ್ದೀರಾ?" ಹೊಗಳಿದವರು ಯಾರೆಂದು ಸೊಸೆ ಜಿನ್ಸಿಯನ್ನು ಕೇಳಿದೆ.

"ನಮ್ಮ ಆಫೀಸಿನವರು, ಅಪ್ಪಚ್ಚಾ. ಯಾರೂ ಓದಿಲ್ಲ. ಎಲ್ಲರೂ ಹೀಗೇ ಮಾಡೋದು."

"ನನ್ನ ಬೋಟು ಮುಳುಗಿ ಸತ್ತವರ ಕಥೆ ಅದರಲ್ಲಿದೆ, ಮಗಳೇ. ಅದೂ ಸುಳ್ಳು ಅಂದ್ಕೊಂಡ್ರೆ? ತೆಗೆಸಿಬಿಡು."

"ಆಮೇಲೆ ಆ ಕೊಂಕು ಮಾತೊಂದೇ ಉಳಿಯುತ್ತೆ!"

"ಉಳೀಲಿ."

ಸಂಜೆಯೊಳಗೆ ಒಂಬತ್ತೂ ಹೋದವು. ಆ ಅಪರಿಚಿತರಲ್ಲಿ ಕ್ಷಮೆ ಕೇಳಿ, ವಿಳಾಸ ಕೊಟ್ಟರೆ ಒಂದು ಪ್ರತಿ ಕಳಿಸುತ್ತೇನೆ, ಓದಿ ಅನಿಸಿದ್ದನ್ನೇ ಬರೆಯಿರಿ ಎಂದೆ.

ಈಗಷ್ಟೇ ಉತ್ತರ ಬಂತು. "ಬೇಡ, ಕೊಂಡು ಓದುತ್ತಿದ್ದೇನೆ. ಆ ಬೋಟಿನಲ್ಲಿ ನಮ್ಮಮ್ಮ ಇದ್ದರು."

ಅವರು ಯಾವ ಪುಟದಲ್ಲಿದ್ದಾರೋ. ಚುಕ್ಕಾಣಿ ಹಿಡಿದೇ ತೂಕಡಿಸಿದ್ದೆ ಎಂದು ಒಪ್ಪಿಕೊಂಡ ಪುಟ ಇನ್ನೂ ಬಂದಿರಲಿಕ್ಕಿಲ್ಲ.