ಎಡಗೈ ಬೆರಳು

ಕೇಶ್ವಾಪುರ, ಹುಬ್ಬಳ್ಳಿ
೧೪ ಡಿಸೆಂಬರ್ ೨೦೨೪

ಚಿರಂಜೀವಿ ಪ್ರಾಚಿಗೆ ನಿಮ್ಮಪ್ಪನ ತುಂಬು ಆಶೀರ್ವಾದ.

ನಾವಿಬ್ಬರೂ ಅರಾಮ ಅದೇವಿ. ಅರಾಮ ಅಂದ್ರೇನು, ನನ್ನ ಮೊಣಕಾಲ ನೋವು, ನಿಮ್ಮವ್ವನ ಬಾಯಿ, ಎರಡೂ ಇನ್ನೂ ನಿಂತಿಲ್ಲ. ಬೆಳಗಾವ್ಯಾಗ ಭಾಗ್ಯಶ್ರೀ ಅತ್ತಿ ಮನ್ಯಾಗ ನಿನಗ ಹೊಂದಿಕಿ ಆಗೇತಿ ಅಂತ ಕೇಳಿ ಸಮಾಧಾನ ಆತು. ನೀ ಹೋಗಿ ಎರಡು ತಿಂಗಳಾತು, ಈಗ ಪತ್ರಾ ಬರಿಯಾಕತ್ತೇನಿ, ಸಿಟ್ಟಾಗಬ್ಯಾಡ. ಮೂರು ಸಲ ಬರದು ಹರದೆ. ಫೋನ್ ಮಾಡಬಹುದಿತ್ತಲ್ಲ ಅಂತೀದಿ. ನಿನ್ನ ದನಿ ಕೇಳಿದ್ರ ಹೇಳೂದು ಬಿಟ್ಟು "ಊಟಾ ಆತೇನು" ಅಂತ ಕೇಳಿ ಇಟ್ಟಬಿಡತೇನಿ.

ನಮ್ಮ ಪಿನ್‌ಬಾಲ್ ಪೆಟಗಿ ಕಾರ್ಖಾನಿ ಹೆಂಗೋ ನಡದೈತಿ. ದಸರಾ ಪಂದ್ಯದಾಗ ನಮ್ಮ 'ರಾಟಿ' ಮಷೀನ್ ನೋಡಿ ಹೋದ ಪುಣೆ ವ್ಯಾಪಾರಿ ಹತ್ತು ಬೇಕಂದಿದ್ದನಲ್ಲ, ಅದರಾಗ ಆರು ತಯಾರಾದ್ವು. ನಮ್ಮಲ್ಲಿ ಬಣ್ಣಾ ಹಚ್ಚೋ ಗುಲ್ಜಾರಬಿ ಮ್ಯಾಲಿನ ಗ್ಲಾಸಿನ ಮ್ಯಾಲೆ ಗರಗ ಊರಿನ ಖಾದಿ ನೂಲೋ ಹೆಣಮಕ್ಕಳ ಚಿತ್ರಾ ಭಾಳ ಚಂದ ತೆಗದಾಳ. ಮಂದಿ ಹೊಗಳತಾರ. ನನಗ ಮಾತ್ರ ಯಾಕೋ ಸಾಕಾಗೇತಿ.

ಹೊಸಾ ಮಷೀನಿನ ನಕಾಶಿ ಹಾಸಕೊಂಡು ಕುಂತೇನಿ, ಚೆಂಡು ಏರೋ ರ‍್ಯಾಂಪ್ ಎಲ್ಲಿ ತಿರುಗಿಸಬೇಕೋ ತಿಳಿವಲ್ದು. ನೀ ಇದ್ದಾಗ ನಾ ಗೆರಿ ಎಳೀತಿದ್ದೆ, ನೀ ಚೆಂಡು ಹೊಡದು ನೋಡಿ "ಅಪ್ಪಾಜಿ, ಇದು ಕೂದಲೆಳಿಯಷ್ಟು ಎಡಕ್ಕ ಸರೀಬೇಕ್ರಿ" ಅಂತಿದ್ದಿ. ಈಗ ಗುಲ್ಜಾರಬಿ ಹೊಡೀತಾಳ. "ಅಣ್ಣಾರ, ಚೆಂಡು ಬಿತ್ರಿ" ಅಂತಾಳ. ಬಿದ್ದದ್ದು ನನಗೂ ಕಾಣತೈತಿ, ನನ್ನ ಕಣ್ಣು ಹೋಗ್ಯಾವೇನು!

ಪಂದ್ಯಾ ನಡಸೋ ಸಂಘದ ಉದಯಕುಮಾರ ಎರಡು ಸಲ ಬಂದಿದ್ದ. "ಕಾಕಾ, ಜನವರಿ ಪಂದ್ಯಕ್ಕ ಪ್ರಾಚಿ ಹೆಸರು ಇನ್ನೂ ಬಂದಿಲ್ರಿ, ಈ ತಿಂಗಳ ಕಡೀತನಕ ಅಷ್ಟ ನೋಡ್ರಿ" ಅಂದ. ಹೆಸರು ಕೊಡಲಿಲ್ಲಂದ್ರ ನೀ ನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ರ‍್ಯಾಂಕ್ ಹೋಗತೈತಿ. ಆಡವ್ವಾ. ಆಟಾ ಬಿಡಬ್ಯಾಡ.

ಮೊನ್ನೆ ಊಟಕ್ಕ ಕುಂತಾಗ ನಿಮ್ಮವ್ವ ಒಂದು ಮಾತು ಹೇಳಿದ್ಲು. ನೀ ಎಡಗೈ ಬೆರಳು ಡಾಕ್ಟರಿಗೆ ತೋರಿಸಿದ್ಯಂತ. ನರದ ಪರೀಕ್ಷಾನೂ ಮಾಡಿಸಿದ್ಯಂತ. ಅವರು ಏನೂ ಆಗಿಲ್ಲ ಅಂದ್ರೂ ನೀ ನಂಬಲಿಲ್ಲಂತ. "ಡಾಕ್ಟರಿಗೇನು ಗೊತ್ತವ್ವಾ, ಅಪ್ಪಾಜಿ ಕಣ್ಣಾರೆ ನೋಡ್ಯಾರ" ಅಂದ್ಯಂತ. ನಾ ಅರ್ಧಕ್ಕ ಎದ್ದು ಕೈ ತೊಳಕೊಂಡೆ.

ದಸರಾ ಪಂದ್ಯದಾಗ ನಮ್ಮ 'ರಾಟಿ' ಮ್ಯಾಲೆ ನೀ ಆಡಿದ ಕಡೀ ಆಟಾ ಇನ್ನೂ ಕಣ್ಣಮುಂದ ಐತಿ. ನಿನ್ನ ಮೂರನೇ ಚೆಂಡು. ನೀ ಎಡಗಡೆ ಬಟನ್ ಒತ್ತಿದಿ, ಚೆಂಡು ಹೊಡಿಯೋ ಫ್ಲಿಪ್ಪರ್ ಏಳಲಿಲ್ಲ, ಚೆಂಡು ಬಾಜೂಕ ಜಾರಿ ಒಳಗ ಹೋತು. ನೀ ನೇಮದ ಪ್ರಕಾರ ಕೈ ಎತ್ತಿ ಹಿಂದಕ್ಕ ಸರದಿ. ಮಷೀನ್ ಕೆಟ್ಟಿದ್ರ ಇನ್ನೊಂದು ಚೆಂಡು ಕೊಡಬೇಕು, ಕೆಟ್ಟೈತೋ ಇಲ್ಲೋ ಅಂತ ತೀರ್ಪು ಹೇಳಾಂವ ನಾನು. ನಾ ಒಳಗ ನೋಡಾಕ ಗ್ಲಾಸ್ ಸುದ್ದಾ ತೆಗೀಲಿಲ್ಲ. "ಮಷೀನಿಗೇನೂ ಆಗಿಲ್ಲ, ಆಟಗಾರ್ತಿ ಬೆರಳು ತಡಾ ಆತು" ಅಂದೆ. "ಹೌದ್ರಿ ಅಪ್ಪಾಜಿ" ಅಂದು ತಲಿ ತಗ್ಗಿಸಿದಿ. ಜಗಳಾ ತಗದಿದ್ರ ಛಲೋ ಇತ್ತು. ಅಷ್ಟು ಮಂದಿ ಮುಂದ ನಾ ಅಷ್ಟು ಬಿರುಸಾಗಿ ಹೇಳಬಾರದಿತ್ತು, ಅದನ್ನ ಮನಸ್ಸಿನ್ಯಾಗ ಇಟ್ಕೋಬ್ಯಾಡ.

ನಿಮ್ಮವ್ವ ದಿನಾ ಅಂತಾಳ, "ಹೆತ್ತವರಿಗೆ ಹೆಗ್ಗಣಾ ಮುದ್ದಂತ. ನಿಮಗ ಹೆತ್ತ ಮಗಳಕಿಂತ ಆ ಪೆಟಗೀನ ಮುದ್ದು." ನಾ ಎದ್ದು ಕಾರ್ಖಾನಿಗೆ ಹೋಗತೇನಿ. ವಾದಾ ಮಾಡಾಕ ತ್ರಾಣ ಉಳದಿಲ್ಲ.

ಥಂಡಿ ಭಾಳ ಐತಿ, ಸ್ವೆಟರ್ ಹಾಕ್ಕೋ. ಅತ್ತಿಗೆ ನಮಸ್ಕಾರ ತಿಳಸು. ಆ ಬಸವಣ್ಣ ನಿನಗ ಒಳ್ಳೇದು ಮಾಡಲಿ, ನಿನ್ನ ಕೈಗೆ ಸೋಲು ಬರದಿರಲಿ.

ನಿಮ್ಮಪ್ಪ,
ರಾಜಶೇಖರ

ತಾ.ಕ.: ಲಕೋಟಿಗೆ ಅಂಟು ಹಚ್ಚಿ ಮತ್ತ ಬಿಚ್ಚೇನಿ. ಅವತ್ತು ಮುಂಜಾನೆ ಮಷೀನ್ ಒರಸೋವಾಗನ ಎಡ ಫ್ಲಿಪ್ಪರ್ ಏಳದ ಅಡಕೊಂಡು ಹಿಡ್ಯಾಕತ್ತಿದ್ದು ನನಗ ಗೊತ್ತಾಗಿತ್ತು. ಅದನ್ನ ಎಬ್ಬಿಸೋ ಒಳಗಿನ ಪಟ್ಟಿ ಸೀಳಿತ್ತು. ಇದೊಂದು ದಿನಾ ತಡೀತೈತಿ ಅಂತ ಬಿಟ್ಟೆ. ನೀ ಕೈ ಎತ್ತಿದಾಗ ಪುಣೆಯಾಂವ ನನ್ನ ಮಗ್ಗಲಕ್ಕ ನಿಂತಿದ್ದ. ಅವನ ಮುಂದ ಗ್ಲಾಸ್ ತಗದು ನನ್ನ ಮಷೀನ್ ಕೆಟ್ಟೈತಿ ಅನ್ನಾಕ ನನಗ ಬಾಯಿ ಬರಲಿಲ್ಲ, ನನ್ನ ಮಗಳ ಕೈ ಕೆಟ್ಟೈತಿ ಅನ್ನಾಕ ಬಂತು. ಮರುದಿನ ಒಬ್ಬನ ಪಟ್ಟಿ ಬದಲ ಮಾಡಿದೆ. ನಿಮ್ಮವ್ವಗೂ ಹೇಳಿಲ್ಲ. ಈ ಪತ್ರಾ ಆಕಿಗೆ ತೋರಿಸು, ಉದಯಕುಮಾರಗ ತೋರಿಸು, ಯಾರಿಗೆ ಬೇಕಾದ್ರೂ ತೋರಿಸು. ಆ ಬೆರಳು ಮಾತ್ರ ಇನ್ನ ಯಾರಿಗೂ ತೋರಿಸಬ್ಯಾಡವ್ವಾ, ಅದಕ್ಕೇನೂ ಆಗಿಲ್ಲ.